ಕೇಳದಿದ್ದರೂ ಗೆಳೆಯರ ಫೋಟೋದ ತಪ್ಪು ಹೇಳಬೇಕಾ?

ಪರ: ಹೇಳಲೇಬೇಕು

ಎಂಟು ತಿಂಗಳು ನನ್ನ ಫೋಟೋಗಳಲ್ಲಿ ಆಕಾಶ ಇದ್ದ ಕಡೆಯೆಲ್ಲ, ಬಲಗಡೆ ಮೇಲಿನ ಮೂಲೆಯಲ್ಲಿ, ಒಂದು ಬೂದು ಚುಕ್ಕೆ ಇತ್ತು. ನನಗೆ ಅದು ಕಂಡಿರಲೇ ಇಲ್ಲ. ನೋಡಿದ ಎಷ್ಟೋ ಜನರಿಗೆ ಕಂಡಿತ್ತಂತೆ, ಆಮೇಲೆ ಗೊತ್ತಾಯಿತು. ಎಲ್ಲರೂ 'ಸೂಪರ್' ಅಂದು ಸುಮ್ಮನಾಗಿದ್ದರು. ಕೊನೆಗೆ ಒಬ್ಬ ಗೆಳತಿ, ನಾನು ಕೇಳದೇ ಇದ್ದರೂ, ಬಾಯಿಬಿಟ್ಟು ಹೇಳಿದಳು: "ಸೆನ್ಸರ್ ಮೇಲೆ ಧೂಳು ಕೂತಿದೆ ಕಣೋ. ಅಪರ್ಚರ್ ಎಫ್ 16ಕ್ಕೆ ಇಟ್ಟು ಒಂದು ಬಿಳಿ ಗೋಡೆಯ ಫೋಟೋ ತೆಗೆದು ನೋಡು." ನೋಡಿದೆ. ಒಂದಲ್ಲ, ಏಳು ಚುಕ್ಕೆ. ಸೆನ್ಸರ್ ಅಂದರೆ ಕ್ಯಾಮೆರಾದೊಳಗೆ ಬೆಳಕನ್ನು ಹಿಡಿದು ಫೋಟೋ ಮಾಡುವ ಭಾಗ, ಅಪರ್ಚರ್ ಅಂದರೆ ಲೆನ್ಸಿನಲ್ಲಿ ಬೆಳಕು ಒಳಗೆ ಬರುವ ಕಿಂಡಿ, ಎಫ್ 16 ಅಂದರೆ ಆ ಕಿಂಡಿ ತುಂಬ ಚಿಕ್ಕದು. ಅಪರ್ಚರ್ ಚಿಕ್ಕದಾದಷ್ಟೂ ಧೂಳಿನ ನೆರಳು ಸ್ಪಷ್ಟವಾಗಿ ಬೀಳುತ್ತದೆ, ಅಗಲವಾಗಿಟ್ಟರೆ ಕರಗಿ ಹೋಗುತ್ತದೆ. ನಾನು ತೆಗೆಯುವುದು ಜಾಸ್ತಿ ಬೆಟ್ಟ ಬಯಲು, ಹತ್ತಿರದ ಕಲ್ಲೂ ದೂರದ ಬೆಟ್ಟವೂ ಫೋಕಸ್‌ನಲ್ಲಿರಬೇಕು ಅಂತ ಯಾವಾಗಲೂ ಚಿಕ್ಕ ಅಪರ್ಚರೇ ಇಡುತ್ತೇನೆ, ಅಂದರೆ ಆ ಚುಕ್ಕೆ ಬೀಳುವುದಕ್ಕೆ ಬೇಕಾದ್ದನ್ನೆಲ್ಲ ನಾನೇ ಮಾಡಿಕೊಡುತ್ತಿದ್ದೆ.

ಅವಳು ನಾನು ಕೇಳಲಿ ಅಂತ ಕಾದಿದ್ದರೆ? ತಪ್ಪು ಇದೆ ಅಂತಲೇ ಗೊತ್ತಿಲ್ಲದವನು ಏನಂತ ಕೇಳುತ್ತಾನೆ?

ಕಣ್ಣು ಒಗ್ಗಿ ಹೋಗುತ್ತದೆ. ಸ್ಕ್ರೀನಿನ ಬೆಳಕು ಜಾಸ್ತಿ ಇಟ್ಟುಕೊಂಡು ಎಡಿಟ್ ಮಾಡುವವರು ಪ್ರತಿ ಫೋಟೋವನ್ನೂ ಬೇಕಾದ್ದಕ್ಕಿಂತ ಕಪ್ಪಗೆ ಮಾಡಿಡುತ್ತಾರೆ. ಅವರ ಸ್ಕ್ರೀನಿನಲ್ಲಿ ಎಲ್ಲ ಸರಿಯಾಗೇ ಕಾಣುತ್ತಿರುತ್ತದೆ. ಪ್ರಿಂಟ್ ಕೈಗೆ ಬಂದಾಗ ಗಾಬರಿ. ಇದನ್ನು ಬೇರೆಯವರ ಕಣ್ಣು ಒಂದೇ ನೋಟಕ್ಕೆ ಹಿಡಿಯುತ್ತದೆ.

ಇದಕ್ಕಿಂತ ಜಾಸ್ತಿ ಮೋಸ ಮಾಡುವುದು ನೆನಪು. ನಸುಕಿನಲ್ಲಿ ಎದ್ದು, ಕತ್ತಲಲ್ಲಿ ಬೆಟ್ಟ ಹತ್ತಿ, ಚಳಿಗೆ ಬೆರಳು ಮರಗಟ್ಟಿದ ಮೇಲೆ ಸಿಕ್ಕ ಫೋಟೋ ನನಗೆ ಯಾವತ್ತೂ ಚೆನ್ನಾಗೇ ಕಾಣುತ್ತದೆ, ಯಾಕೆಂದರೆ ಅದನ್ನು ನೋಡಿದಾಗಲೆಲ್ಲ ಆ ಗಾಳಿ, ಆ ಸುಸ್ತು, ಆ ಖುಷಿ ಎಲ್ಲ ಜೊತೆಗೆ ಬರುತ್ತದೆ. ನೋಡುವವರಿಗೆ ಅದ್ಯಾವುದೂ ಸಿಗುವುದಿಲ್ಲ. ಅವರಿಗೆ ಕಾಣುವುದು ನಾಲ್ಕು ಅಂಚಿನ ಒಳಗೆ ಇರುವುದಷ್ಟೇ, ಅಲ್ಲಿ ಗೆಳೆಯನ ತಲೆಯಿಂದ ಒಂದು ಕಂಬ ಎದ್ದು ನಿಂತಿದ್ದರೆ ಆ ಕಂಬವೂ ಸೇರಿ. ನಾನು ಗೆಳೆಯನ ಮುಖ ನೋಡುತ್ತಿದ್ದೆ, ಕಂಬ ಕಾಣಲಿಲ್ಲ. ಯಾರಾದರೂ ಹೇಳಬೇಕು.

ಆದರೆ ಹೇಳುವ ರೀತಿ ಇದೆ. 'ಕಾಂಪೋಸಿಷನ್ (ಫ್ರೇಮಿನೊಳಗಿನ ಜೋಡಣೆ) ಸರಿ ಇಲ್ಲ' ಅನ್ನುವುದು ಯಾರಿಗೂ ಉಪಯೋಗವಿಲ್ಲ. 'ನನ್ನ ಕಣ್ಣು ಮೊದಲು ಎಡಗಡೆಯ ಬಿಳಿ ಚೀಲಕ್ಕೆ ಹೋಯಿತು, ಮುಖಕ್ಕೆ ಆಮೇಲೆ ಬಂತು' ಅಂದರೆ ಅದು ಬೇರೆ. ಇಲ್ಲಿ ತೀರ್ಪಿಲ್ಲ, ನನಗೆ ಏನಾಯಿತು ಅನ್ನುವುದಿದೆ. ಕೇಳಿದವರು ಚೀಲವನ್ನು ಸ್ವಲ್ಪ ಮಂಕು ಮಾಡಬಹುದು, ಕ್ರಾಪ್ ಮಾಡಬಹುದು, ಅಥವಾ ಹಾಗೇ ಇರಲಿ ಅನ್ನಬಹುದು.

ಒಂದು ಸಲ ತೆಗೆದಾಯಿತು, ಇನ್ನೇನು ಹೇಳುವುದು ಅನ್ನುವ ಮಾತೂ ನಿಲ್ಲುವುದಿಲ್ಲ. ಅಮೆರಿಕದ ಹೆಸರಾಂತ ಫೋಟೋಗ್ರಾಫರ್ ಆನ್ಸೆಲ್ ಆಡಮ್ಸ್ ಅಲ್ಲಿನ ನ್ಯೂ ಮೆಕ್ಸಿಕೋ ರಾಜ್ಯದ ಹಳ್ಳಿಯೊಂದರ ಮೇಲೆ ಚಂದ್ರ ಏರುವುದನ್ನು ತೆಗೆದದ್ದು 1941ರಲ್ಲಿ. ಅದೇ ನೆಗೆಟಿವ್‌ನಿಂದ ದಶಕಗಳ ಕಾಲ ಪ್ರಿಂಟ್ ತೆಗೆಯುತ್ತಲೇ ಹೋದರು. ಮೊದಲಿನ ಪ್ರಿಂಟ್‌ಗಳ ಆಕಾಶದಲ್ಲಿ ಮೋಡ ಕಾಣುತ್ತದೆ, ಕೊನೆಯವುಗಳಲ್ಲಿ ಹೆಚ್ಚುಕಡಿಮೆ ಪೂರ್ತಿ ಕಪ್ಪು. ಅಷ್ಟು ದೊಡ್ಡವರೇ ಒಂದೇ ಫೋಟೋವನ್ನು ಮತ್ತೆ ಮತ್ತೆ ತಿದ್ದಿದ್ದಾರೆ. ನಮ್ಮ ನಿನ್ನೆಯ ಫೋಟೋ ಬಗ್ಗೆ ಇವತ್ತು ಒಂದು ಮಾತು ಬಂದರೆ ತಡವಾಗಿದೆ ಅಂತ ನನಗೆ ಅನ್ನಿಸುವುದಿಲ್ಲ.

ವಿರೋಧ: ಕೇಳಿದ ಮೇಲೆ ಹೇಳಿ

ಧೂಳಿನ ವಿಷಯ ಪೂರ್ತಿ ಒಪ್ಪುತ್ತೇನೆ. ಅದನ್ನು ಹೇಳುವುದಕ್ಕೆ ಅನುಮತಿ ಬೇಡ, ಪಕ್ಕಕ್ಕೆ ಕರೆದು ಹೇಳಿಬಿಡಿ. ಅದು ಕ್ಯಾಮೆರಾದ ತೊಂದರೆ, ಫೋಟೋ ತೆಗೆದವರು ಬೇಕು ಅಂತ ಮಾಡಿದ್ದಲ್ಲ. ನನ್ನ ಜಗಳ ಇರುವುದು ಅಲ್ಲಿಂದ ಒಂದು ಹೆಜ್ಜೆ ಮುಂದಕ್ಕೆ, ಚೀಲ, ಕಂಬ, ಕ್ರಾಪ್ ಅಂತ ಶುರುವಾಗುವ ಜಾಗದಲ್ಲಿ.

ಮಗಳು ಸೈಕಲ್ ಕಲಿತ ದಿನ ಒಂದು ಫೋಟೋ ತೆಗೆದೆ. ಸೀಟು ಹಿಡಿದುಕೊಂಡಿದ್ದ ಕೈ ಬಿಟ್ಟ ಕೂಡಲೇ ಕ್ಯಾಮೆರಾ ಎತ್ತಿದ್ದು. ಅವಳ ಬೆನ್ನು, ಹಾರುವ ಜಡೆ, ಸೈಕಲ್ಲಿನ ಹಿಂದಿನ ಚಕ್ರ. ಮುಂದಿನ ಚಕ್ರ ಆಗಲೇ ಫ್ರೇಮಿನ ಆಚೆ. ಹಿಂದೆ ಉದ್ದಕ್ಕೂ ಖಾಲಿ ರಸ್ತೆ. ನೋಡಿದ ಅನುಭವಿ ಫೋಟೋಗ್ರಾಫರ್ ಒಬ್ಬರು ತುಂಬ ಪ್ರೀತಿಯಿಂದಲೇ ಹೇಳಿದರು: ಚಲಿಸುವ ವಸ್ತುವಿನ ಮುಂದೆ ಜಾಗ ಬಿಡಬೇಕು, ಹಿಂದೆ ಅಲ್ಲ. ಶಟರ್ ಸ್ಪೀಡ್ ಇನ್ನೂ ಜಾಸ್ತಿ ಇಟ್ಟಿದ್ದರೆ ಜಡೆ ಬ್ಲರ್ ಆಗುತ್ತಿರಲಿಲ್ಲ. ಎರಡೂ ಪಾಠ ಸರಿಯಾದವೇ. ಆದರೆ ಅವಳು ನನ್ನಿಂದ ಆಚೆ ಹೋಗುತ್ತಿದ್ದಳು, ಅದೇ ಆ ಫೋಟೋ. ಮುಂದೆ ಜಾಗ ಬಿಟ್ಟಿದ್ದರೆ ಅದು ಸೈಕಲ್ ಹೊಡೆಯುವ ಹುಡುಗಿಯ ಫೋಟೋ ಆಗುತ್ತಿತ್ತು.

ನಾನು ಆಗ ಹೊಸಬ. ಉತ್ತರ ಕೊಡಲು ಗೊತ್ತಾಗಲಿಲ್ಲ, 'ಹೌದು ಸರ್' ಅಂದೆ. ಆಮೇಲೆ ಸುಮಾರು ಒಂದು ವರ್ಷ ಎಲ್ಲದರ ಮುಂದೆಯೂ ಜಾಗ ಬಿಟ್ಟೆ. ನಾಯಿ, ಬಸ್ಸು, ಹಕ್ಕಿ, ಮನುಷ್ಯರು. ಎಲ್ಲ ಸರಿಯಾದ ಫೋಟೋಗಳು. ಅದರಲ್ಲಿ ಒಂದನ್ನೂ ಮತ್ತೆ ತೆರೆದು ನೋಡಬೇಕು ಅನ್ನಿಸಿಲ್ಲ.

ಕೇಳದೆ ಕೊಟ್ಟ ವಿಮರ್ಶೆಯಲ್ಲಿ ನನಗೆ ಕಾಣುವ ತೊಂದರೆ ಇದು. ಹೇಳುವವರು ಒರಟಾಗಿ ಹೇಳಬೇಕಾಗಿಲ್ಲ, ತಪ್ಪಾಗಿ ಹೇಳಬೇಕಾಗೂ ಇಲ್ಲ. ಈ ಫೋಟೋ ಏನಾಗಲು ಹೊರಟಿದೆ ಅಂತ ಅವರಿಗೆ ಗೊತ್ತಿರುವುದಿಲ್ಲ, ಅಷ್ಟೇ. ಅದು ಗೊತ್ತಿಲ್ಲದಾಗ ಕೈಗೆ ಸಿಗುವುದು ಎಲ್ಲರಿಗೂ ಗೊತ್ತಿರುವ ನಿಯಮ. ನಿಯಮಕ್ಕೆ ಹೊಂದಿಸಿದರೆ ಎಲ್ಲರ ಫೋಟೋವೂ ಒಂದೇ ಥರ ಆಗುತ್ತದೆ ಅಲ್ವಾ?

ಬ್ರಿಟನ್ನಿನ ಫೋಟೋಗ್ರಾಫರ್ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಅವರಿಗೆ ಮೊದಲ ಕ್ಯಾಮೆರಾ ಸಿಕ್ಕಿದ್ದು 1863ರ ಕೊನೆಗೆ, 48ನೇ ವಯಸ್ಸಿನಲ್ಲಿ. ಅವರ ಮುಖಚಿತ್ರಗಳು ಮೆತ್ತಗೆ, ಮಂಜು ಮಂಜಾಗಿ ಇರುತ್ತಿದ್ದವು. ಆ ಕಾಲದ ಫೋಟೋಗ್ರಫಿ ಪತ್ರಿಕೆಗಳು ಫೋಕಸ್ ಇಲ್ಲ, ಕೆಲಸ ನೀಟಾಗಿಲ್ಲ ಅಂತ ಬೈದವು. ಅವರು ಬರೆದಿಟ್ಟದ್ದು ಓದಿದರೆ ವಿಷಯ ಬೇರೆಯೇ. ಫೋಕಸ್ ಮಾಡುತ್ತಾ ಹೋಗುವಾಗ ಕಣ್ಣಿಗೆ ತುಂಬ ಚೆಂದ ಕಂಡ ಕಡೆ ನಿಲ್ಲಿಸಿಬಿಡುತ್ತಿದ್ದರಂತೆ, ಬೇರೆಯವರ ಹಾಗೆ ಇನ್ನೂ ತಿರುಗಿಸಿ ಚೂಪು ಮಾಡುತ್ತಿರಲಿಲ್ಲವಂತೆ. ಬೈದವರ ಕಣ್ಣಿಗೆ ಬಿದ್ದದ್ದು ಫೋಕಸ್ ಮಾತ್ರ. ಸುಮಾರು ನೂರು ವರ್ಷ ಆದಮೇಲೂ ಅದೇ ಕಥೆ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಫೋಟೋಗ್ರಾಫರ್ ರಾಬರ್ಟ್ ಫ್ರಾಂಕ್ 1955 ಮತ್ತು 1956ರಲ್ಲಿ ಅಮೆರಿಕ ಸುತ್ತಿ ತೆಗೆದ ಸಾವಿರಾರು ಫೋಟೋಗಳಲ್ಲಿ 83 ಆರಿಸಿ ಪುಸ್ತಕ ಮಾಡಿದರು. ಬ್ಲರ್, ಗ್ರೇನ್ (ಮರಳಿನಂಥ ಚುಕ್ಕೆಗಳು), ಓರೆಯಾದ ಹಾರಿಜಾನ್ ಅಂತ ಅಲ್ಲಿನ ಫೋಟೋಗ್ರಫಿ ಪತ್ರಿಕೆಯೊಂದರಲ್ಲಿ ತಪ್ಪುಗಳ ಪಟ್ಟಿ ಬಂತು. ಇವತ್ತು ಬೀದಿಯಲ್ಲಿ ಫೋಟೋ ತೆಗೆಯುವ ಎಷ್ಟೋ ಜನ ಆ ಓರೆ ಫೋಟೋಗಳನ್ನು ನೋಡಿಯೇ ಕಲಿಯುತ್ತಾರೆ.

ಕ್ಯಾಮೆರಾನ್ ಗಟ್ಟಿಗಿತ್ತಿ, ಬಗ್ಗಲಿಲ್ಲ. ಫ್ರಾಂಕ್ ಕೂಡ ಬಗ್ಗಲಿಲ್ಲ. ನಾನು ಬಗ್ಗಿದೆ, ಮತ್ತು ಹೊಸಬರಲ್ಲಿ ನನ್ನಂಥವರೇ ಜಾಸ್ತಿ ಅಂತ ನನ್ನ ನಂಬಿಕೆ. ದೊಡ್ಡವರ ಒಂದು ಮಾತು ಅವರ ಕೈಯನ್ನೇ ಬದಲಾಯಿಸಿಬಿಡುತ್ತದೆ.

ಕಂಬ ಕಾಣದವನು ಹೇಗೆ ಕೇಳುತ್ತಾನೆ ಅನ್ನುವ ಪ್ರಶ್ನೆ ನಿಜವಾದದ್ದೇ. ಅದಕ್ಕೆ ನಾನು ಕಂಡುಕೊಂಡ ದಾರಿ, ತಪ್ಪು ಹೇಳುವ ಮೊದಲು ನಾನೇ ಕೇಳುವುದು. 'ಇದರಲ್ಲಿ ನಿಮಗೆ ಇಷ್ಟ ಆಗಿದ್ದು ಯಾವುದು?' ಅಂತ. ಕೆಲವರು ಫೋಟೋ ಮತ್ತೆ ನೋಡಿ, ಉತ್ತರ ಹೇಳುವಷ್ಟರಲ್ಲಿ ತಾವೇ ಕಂಬ ನೋಡಿಬಿಡುತ್ತಾರೆ. ಕೆಲವರು 'ನಿಮಗೇನನ್ನಿಸಿತು?' ಅಂತಾರೆ, ಆಗ ಮನಸ್ಸು ಬಿಚ್ಚಿ ಹೇಳುತ್ತೇನೆ, ಏನೂ ಮುಚ್ಚಿಡುವುದಿಲ್ಲ. ಇನ್ನು ಕೆಲವರು ಆ ದಿನದ ಕಥೆ ಹೇಳಲು ಶುರು ಮಾಡುತ್ತಾರೆ, ಯಾರ ಜೊತೆ ಹೋಗಿದ್ದರು, ಯಾಕೆ ಆ ತಿರುವಿನಲ್ಲೇ ನಿಂತರು ಅಂತ. ಅವತ್ತು ಕಥೆ ಕೇಳಿ ಎದ್ದು ಬರುತ್ತೇನೆ. ಕಂಬ ಅಲ್ಲೇ ಇರುತ್ತದೆ.