ಮುಂಬೈಗೆ ಹೋಗದವರ ಲೆಕ್ಕ

ಕಳೆದ ವಾರ ಸಮಾಜಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ತುಮಕೂರು ಅಂತರಸನಹಳ್ಳಿಯ ನಮ್ಮ ವರ್ಕ್‌ಶಾಪಿಗೆ ಬಂದಿದ್ದಳು. ಲೇತಿನ ಸದ್ದಿನಲ್ಲಿ ಮಾತು ಕೇಳಿಸದು ಎಂದು ಹೊರಗೆ ಬೇವಿನ ಮರದ ನೆರಳಿಗೆ ಕುರ್ಚಿ ಹಾಕಿಸಿದೆ. ವಾಣಿಜ್ಯ ವ್ಯಾಜ್ಯಗಳ ಮಧ್ಯಸ್ಥಿಕೆ, ಅಂದರೆ ಕೋರ್ಟಿನ ಬದಲು ಮೂರನೆಯವರ ಕೈಲಿ ತೀರ್ಪು ಮಾಡಿಸಿಕೊಳ್ಳುವ ಆರ್ಬಿಟ್ರೇಷನ್, ಆಕೆಯ ವಿಷಯ. ಪ್ರಶ್ನಾವಳಿಯ ಮೊದಲ ಪ್ರಶ್ನೆ: ಮಧ್ಯಸ್ಥಿಕೆಯಿಂದ ನಿಮಗೆ ಎಷ್ಟು ತೃಪ್ತಿಯಾಗಿದೆ, ಒಂದರಿಂದ ಐದರೊಳಗೆ ಗುರುತು ಹಾಕಿ.

"ನಾನು ಹೋಗಿಯೇ ಇಲ್ಲವಲ್ಲಮ್ಮ, ಯಾವುದಕ್ಕೆ ಹಾಕಲಿ?" ಎಂದೆ.

"ಹಾಗಾದರೆ ನಿಮ್ಮದು ಇದರಲ್ಲಿ ಬರುವುದಿಲ್ಲ ಸರ್" ಎಂದಳು, ಸ್ವಲ್ಪ ಸಂಕೋಚದಿಂದಲೇ.

ನನಗೆ ಚುಚ್ಚಿದ್ದು ಅದೇ. ಹೋದವರ ಲೆಕ್ಕ ಇಡುತ್ತಾರೆ, ಬಾಗಿಲವರೆಗೆ ಹೋಗಿ ಹಿಂದಿರುಗಿದವರ ಲೆಕ್ಕ ಯಾರೂ ಇಡುವುದಿಲ್ಲ.

ನನ್ನ ಕಥೆ ಹೇಳುತ್ತೇನೆ. ಎರಡು ವರ್ಷದ ಹಿಂದೆ ಹೊರಗಿನ ಒಂದು ಕಂಪನಿಗೆ ಕಬ್ಬಿಣದ ಬ್ರ್ಯಾಕೆಟ್ ಮಾಡಿ ಕಳುಹಿಸಿದೆವು. ನಮ್ಮ ಗೇಜಿಗೆ ತೂತು ಸರಿ, ಅವರ ಗೇಜಿಗೆ ದೊಡ್ಡದು. ಮಾಲೂ ಹಿಂದಕ್ಕೆ ಬರಲಿಲ್ಲ, 3,80,000 ರೂಪಾಯಿಯೂ ಬರಲಿಲ್ಲ. ಪರ್ಚೇಸ್ ಆರ್ಡರಿನ ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಹದಿನೇಳನೇ ಷರತ್ತು ಇತ್ತು: ವ್ಯಾಜ್ಯ ಬಂದರೆ ಮಧ್ಯಸ್ಥಿಕೆ, ನಡೆಯುವುದು ಮುಂಬೈಯಲ್ಲಿ, ಮಧ್ಯಸ್ಥಗಾರನನ್ನು ನೇಮಿಸುವುದು ಕಂಪನಿ. ಫಲಿತಾಂಶದಲ್ಲಿ ಹಿತಾಸಕ್ತಿ ಇರುವವರು ತಾವೊಬ್ಬರೇ ಹೀಗೆ ನೇಮಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ಅಚ್ಚು ಹಾಕಿಸಿದ ಕಾಗದಕ್ಕೆ ಆ ಸುದ್ದಿ ಮುಟ್ಟಿರಲಿಲ್ಲ, ಅಷ್ಟೆ.

1996ರ ಮಧ್ಯಸ್ಥಿಕೆ ಕಾಯ್ದೆಯ ನಾಲ್ಕನೇ ಅನುಸೂಚಿಯಲ್ಲಿ ಮಧ್ಯಸ್ಥಗಾರರ ಶುಲ್ಕದ ಮಾದರಿ ಪಟ್ಟಿ ಇದೆ. ಐದು ಲಕ್ಷದವರೆಗಿನ ವ್ಯಾಜ್ಯಕ್ಕೆ 45,000 ರೂಪಾಯಿ. ಮಧ್ಯಸ್ಥಗಾರ ಒಬ್ಬನೇ ಆದರೆ ಅದರ ಮೇಲೆ ಶೇಕಡ 25 ಹೆಚ್ಚು, ಅಂದರೆ 56,250. ಅದನ್ನು ಎರಡು ಕಡೆಯವರು ಅರ್ಧರ್ಧ ಹಂಚಿಕೊಂಡರೂ ವಕೀಲರು, ರೈಲು, ಲಾಡ್ಜು, ನಾನಿಲ್ಲದ ದಿನ ನಿಂತುಹೋಗುವ ಕೆಲಸ. ಕ್ಯಾಲ್ಕುಲೇಟರ್ ಒತ್ತಿ ಒತ್ತಿ ಸಾಕಾಗಿ ಪಕ್ಕಕ್ಕಿಟ್ಟೆ.

ಗೊತ್ತಿರುವವರು ಇಲ್ಲಿ ಅಡ್ಡ ಬಾಯಿ ಹಾಕುತ್ತೀರಿ: ಸಣ್ಣ ಉದ್ದಿಮೆಯವರಿಗೆ 2006ರ ಕಾಯ್ದೆ ಇದೆಯಲ್ಲ ಸ್ವಾಮಿ! ಇದೆ. 45 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಒಪ್ಪಂದದಲ್ಲಿ ಏನೇ ಬರೆದಿರಲಿ, ಇಂಥ ಬಾಕಿಯ ವ್ಯಾಜ್ಯ ಕೇಳಲೆಂದೇ ಆ ಕಾಯ್ದೆಯಡಿ ಇರುವ ನಮ್ಮ ಕಡೆಯ ಸೌಲಭ್ಯ ಮಂಡಳಿಗೆ ಹೋಗಬಹುದು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು. ನನಗೆ ಸಣ್ಣ ಉದ್ದಿಮೆಯವರ ಉದ್ಯಮ್ ನೋಂದಣಿಯೂ ಇದೆ. ಆದರೂ ಹೋಗಲಿಲ್ಲ. ಏಕೆಂದರೆ ಅದೇ ಕಂಪನಿಯ ಇನ್ನೊಂದು ಆರ್ಡರ್ ಆಗ ಮೆಷಿನ್ನಿನ ಮೇಲಿತ್ತು, ಐದು ಹುಡುಗರ ಸಂಬಳ ಅದರಿಂದಲೇ ಹೊರಡಬೇಕಿತ್ತು. ಈ "ಏಕೆಂದರೆ" ಯಾವ ಪ್ರಶ್ನಾವಳಿಯ ಯಾವ ಖಾನೆಯಲ್ಲಿ ಕೂರುತ್ತದೆ?

ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದವರು ಅಂತರರಾಷ್ಟ್ರೀಯ ಮಧ್ಯಸ್ಥಿಕೆಯ ಬಗ್ಗೆ ಆಗಾಗ ಸಮೀಕ್ಷೆ ನಡೆಸುತ್ತಾರೆ. 2018ರದ್ದರಲ್ಲಿ ಶೇಕಡ 97 ಮಂದಿ, ದೇಶ ದಾಟಿದ ವ್ಯಾಜ್ಯಕ್ಕೆ ಮಧ್ಯಸ್ಥಿಕೆಯೇ ಲೇಸು ಎಂದಿದ್ದರು. ಅದರ ದೊಡ್ಡ ದೋಷ ಖರ್ಚು ಎಂದವರೂ ಅವರೇ. ಆದರೆ ಉತ್ತರಿಸಿದವರಲ್ಲಿ ಹೆಚ್ಚಿನವರು ವಕೀಲರು, ಮಧ್ಯಸ್ಥಗಾರರು. ಮಂಗಳಾರತಿ ತಟ್ಟೆ ಹಿಡಿದವರನ್ನೇ ಜಾತ್ರೆ ಹೇಗಾಯಿತು ಎಂದು ಕೇಳಿದ ಹಾಗಾಯಿತು. ನಮ್ಮಲ್ಲಿ ಮಧ್ಯಸ್ಥಿಕೆ ಕಾಯ್ದೆಗೆ 2019ರ ತಿದ್ದುಪಡಿ ಬಂದ ಮೇಲೆ ಒಳಗಿನ ನಡಾವಳಿಯನ್ನೆಲ್ಲ ಗೋಪ್ಯವಾಗಿ ಇಡಬೇಕು. ಹಾಗಾಗಿ ಸಂಶೋಧಕರ ಕೈಗೆ ಸಿಗುವುದು ಕೋರ್ಟಿನ ಮೆಟ್ಟಿಲು ಹತ್ತಿದ ಪ್ರಕರಣಗಳು, ಅಂದರೆ ಕೆಟ್ಟುಹೋದವು.

ಬೇರೆ ಬಗೆಯಲ್ಲಿ ಕೇಳಿದವರೂ ಇದ್ದಾರೆ. ಸ್ಟೂವರ್ಟ್ ಮೆಕಾಲೆ ಎಂಬ ಅಮೆರಿಕದ ಕಾನೂನು ಪ್ರಾಧ್ಯಾಪಕರು ವಿಸ್ಕಾನ್ಸಿನ್‌ನ 43 ಕಂಪನಿಗಳವರನ್ನು ಮಾತನಾಡಿಸಿ 1963ರಲ್ಲಿ ಬರೆದರು: ಜಗಳ ಬಂದಾಗ ವ್ಯಾಪಾರಸ್ಥರು ಬಹುತೇಕ ಒಪ್ಪಂದದ ಕಾಗದವನ್ನೇ ತೆಗೆಯುವುದಿಲ್ಲ, ಫೋನ್ ಮಾಡಿ ಹೊಂದಿಸಿಕೊಳ್ಳುತ್ತಾರೆ. ಲೀಸಾ ಬರ್ನ್‌ಸ್ಟೀನ್ 1992ರಲ್ಲಿ ನ್ಯೂಯಾರ್ಕಿನ ವಜ್ರದ ವರ್ತಕರ ಬಗ್ಗೆ ಬರೆದರು. ಅವರ ಸಂಘದೊಳಗಿನ ಪಂಚಾಯಿತಿಯ ತೀರ್ಪಿಗೆ ತಲೆಬಾಗದವನ ಫೋಟೊ ಲೋಕದ ವಜ್ರ ವಿನಿಮಯ ಕೇಂದ್ರಗಳ ಗೋಡೆಗೆಲ್ಲ ಬೀಳುತ್ತಿತ್ತಂತೆ.

ಇದನ್ನು ಕೇಳಿದಾಗ ನನಗೆ ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದ ದೊಡ್ಡಪ್ಪ ನೆನಪಾದರು. ಅಲ್ಲಿ ಫೋಟೊ ಬೇಕಿರಲಿಲ್ಲ, ಸಂಜೆಯೊಳಗೆ ಹೋಟೆಲಿನ ಬೆಂಚೇ ಸುದ್ದಿ ಹಂಚುತ್ತಿತ್ತು. ಉತ್ತರ ಭಾರತದ ಖರೀದಿದಾರನ ಕಡೆಯವನು ಬಂದು "ಮಾಲಿಗೆ ಬೂಷ್ಟು ಬಂದಿದೆ" ಎಂದರೆ ದೊಡ್ಡಪ್ಪ ಮೂಟೆ ಬಿಚ್ಚಿಸಿ, ನಾಲ್ಕು ಉಂಡೆ ಕೊಬ್ಬರಿ ಒಡೆದು, ಮೂಸಿ, ಒಳಮೈಯಲ್ಲಿ ಹೆಬ್ಬೆರಳು ಎಳೆದು ನೋಡುತ್ತಿದ್ದರು. ಜಿಡ್ಡನ್ನು ಪಂಚೆಯ ಅಂಚಿಗೆ ಒರೆಸಿ, "ಮೂಟೆಗೆ ಇಷ್ಟು ಬಿಡಿ, ಮುಂದಿನ ಲೋಡಿನಲ್ಲಿ ಸರಿಮಾಡಿಕೊಳ್ಳಿ" ಎಂದರೆ ಮುಗಿಯಿತು. ಅರ್ಧ ಗಂಟೆ, ಎರಡು ಕಾಫಿ.

ಇಷ್ಟಕ್ಕೇ ನಿಲ್ಲಿಸಿದ್ದರೆ "ಹಿಂದಿನವರ ನ್ಯಾಯವೇ ನ್ಯಾಯ" ಎಂದು ನೀವೆಲ್ಲ ಲೈಕ್ ಒತ್ತುತ್ತಿದ್ದಿರಿ. ನಾನು ಅಲ್ಲೇ ಗೋಣಿಚೀಲದ ಮೇಲೆ ಕುಳಿತು ನೋಡಿದ ಹುಡುಗ. ಇಬ್ಬರು ವ್ಯಾಪಾರಸ್ಥರು ನಗುತ್ತಾ ಎದ್ದ ಮೇಲೆ ಆ ಕಡಿತ ಹೋಗಿ ಬೀಳುತ್ತಿದ್ದದ್ದು ರೈತನ ಪಟ್ಟಿಯಲ್ಲಿ, ಅಂದರೆ ಮಂಡಿಯಲ್ಲಿ ಅವನ ಮಾಲಿಗೆ ಬರೆಯುವ ಲೆಕ್ಕದಲ್ಲಿ. ಆತ ಕಂಬ ಹಿಡಿದು ಟವೆಲ್ ಹೆಗಲಿಗೆ ಹಾಕಿಕೊಂಡು ನಿಂತಿರುತ್ತಿದ್ದ. ಅವನನ್ನು ಯಾರೂ ಕೇಳುತ್ತಿರಲಿಲ್ಲ. ಮುಂಗಡ ಕೊಟ್ಟವರು ದೊಡ್ಡಪ್ಪನೇ ಆದ್ದರಿಂದ ಅವನೂ ಕೇಳುತ್ತಿರಲಿಲ್ಲ. ಇಂದು ಆ ಕಂಬದ ಪಕ್ಕ ನಾನು ನಿಂತಿದ್ದೇನೆ, ಟವೆಲ್ ಬದಲು ಜಿಎಸ್‌ಟಿ ಬಿಲ್ಲು ಹಿಡಿದು.

ಆದ್ದರಿಂದ ಸಂಶೋಧಕರಲ್ಲಿ ನನ್ನ ತಕರಾರು ಇಷ್ಟೇ. ತೀರ್ಪು ಬೇಗ ಬಂತೇ, ತೃಪ್ತಿಯಾಯಿತೇ ಎನ್ನುವುದಕ್ಕಿಂತ ಮೊದಲು ಷರತ್ತು ಬರೆದವರು ಯಾರು, ಓದದೆ ಸಹಿ ಹಾಕಿದವರು ಯಾರು, ಸುಮ್ಮನಾದವರು ಯಾಕೆ ಸುಮ್ಮನಾದರು ಎಂದು ಕೇಳಿ. ಅದಕ್ಕೆ ಅಂತರಸನಹಳ್ಳಿ, ವಸಂತನರಸಾಪುರದಂಥ ಇಲ್ಲಿನ ಕೈಗಾರಿಕಾ ಪ್ರದೇಶಗಳಿಗೆ ಬಂದು ಶೆಡ್ಡು ಶೆಡ್ಡು ತಿರುಗಬೇಕಾಗುತ್ತದೆ, ಬಿಸಿಲು ಜಾಸ್ತಿ, ಆದರೂ ಬನ್ನಿ.

ಆ ಹುಡುಗಿಗೆ ಇದನ್ನೆಲ್ಲ ಹೇಳಿದೆ. ಪ್ರಶ್ನಾವಳಿ ಮಡಿಸಿ ಚೀಲಕ್ಕೆ ಹಾಕಿ, ನೋಟ್‌ಬುಕ್ ತೆಗೆದಳು. ಹೊರಡುವಾಗ "ನಿಮ್ಮ ದೊಡ್ಡಪ್ಪನ ಆ ಪಟ್ಟಿ ಪುಸ್ತಕಗಳು ಈಗಲೂ ಇವೆಯಾ ಸರ್?" ಎಂದು ಕೇಳಿದಳು. ತಿಪಟೂರಿನ ಮನೆಯ ಅಟ್ಟದ ಮೇಲಿವೆ. ಭಾನುವಾರ ಕರೆದುಕೊಂಡು ಹೋಗುತ್ತೇನೆ ಎಂದಿದ್ದೇನೆ, ಗೆದ್ದಲು ಎಷ್ಟು ಪುಟ ಬಿಟ್ಟಿದೆಯೋ ನೋಡಬೇಕು.