ಸಂಭಾವನೆ ಪಡೆದರೆ ವಿಡಿಯೊ ಹಕ್ಕು ಹೋಗುವುದಿಲ್ಲ: ಸ್ಪಷ್ಟನೆ

‘ಸಂಭಾವನೆ ಪಡೆದ ಮೇಲೆ ಪ್ರದರ್ಶನದ ವಿಡಿಯೊ ಸಂಘಟಕರದ್ದೇ’ ಎಂಬ ಸಂದೇಶ ಕೊಡಗಿನ ಕಲಾತಂಡಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ದುಡಿ ಬಾರಿಸಿ ಹಾಡುವ ಹಳೆಯ ಪಾಟ್‌ಗೆ (ಕೊಡವ ಹಾಡಿಗೆ) ಕೃತಿಸ್ವಾಮ್ಯ (ಕಾಪಿರೈಟ್) ಇಲ್ಲದಿರಬಹುದು. ಆದರೆ ಹಾಡಿದವರ ಪ್ರದರ್ಶನಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆಯ 38ನೇ ಕಲಂನಂತೆ 50 ವರ್ಷ ರಕ್ಷಣೆಯಿದೆ. ಉಮ್ಮತ್ತಾಟ್, ಬೊಳಕಾಟ್ ಕುಣಿತಗಳಿಗೂ ಅಷ್ಟೇ. ಒಪ್ಪಿಗೆಯಿಲ್ಲದೆ ಚಿತ್ರೀಕರಿಸಿ ಮಾರುವಂತಿಲ್ಲ. ಸ್ವಂತ ಬಳಕೆಗೆ, ಪಾಠಕ್ಕೆ ವಿನಾಯಿತಿ ಉಂಟು.

ಹಕ್ಕು ಬಿಟ್ಟುಕೊಡಲು ಸಹಿಯಾದ ಬರಹ ಬೇಕು, ಬಾಯಿಮಾತು ಸಾಲದು. ಬರಹದಲ್ಲಿ ಅವಧಿ ನಮೂದಿಸದಿದ್ದರೆ 5 ವರ್ಷ, ಪ್ರದೇಶ ಹೇಳದಿದ್ದರೆ ಭಾರತ ಮಾತ್ರ. ತಂಡಗಳು ಎಡವುವುದು ಇಲ್ಲೇ: ಹಣದ ರಸೀದಿಯಲ್ಲೇ ‘ಎಲ್ಲ ಹಕ್ಕು ಸಂಘಟಕರಿಗೆ’ ಎಂಬ ಸಾಲಿರುತ್ತದೆ. ಓದಿ, ಒಪ್ಪಿಗೆಯಿಲ್ಲದಿದ್ದರೆ ಹೊಡೆದುಹಾಕಿಸಿಯೇ ಸಹಿ ಮಾಡಿ.

ಚಿತ್ರಕಲಾವಿದರಿಗೆ ನಿಯಮ ತಿರುಗುಮುರುಗು. ದುಡ್ಡು ಕೊಟ್ಟು ಬರೆಸಿದ ಚಿತ್ರದ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ಬರೆಸಿದವರದ್ದೇ.