ಎರಡನೇ ಭಾಗಕ್ಕೆ ಪೇಟಿ ಮಾಸ್ತರನ್ನ ಯಾಕೆ ಬದಲಿಸ್ತೀರಿ?

ನಿನ್ನೆ ರಾತ್ರಿಯಿಂದ ತಲೆ ಕಾದಿದೆ. ಬರೆದು ಮುಗಿಸದಿದ್ದರೆ ಇವತ್ತೂ ನಿದ್ದೆ ಬರೋದಿಲ್ಲ.

ಅಕ್ಕನ ಮಗ ರಜೆಗೆ ಬಂದಿದ್ದಾನೆ. ಬಾಗಲಕೋಟೆ ನವನಗರದ ನಮ್ಮ ಮನೆಯಲ್ಲಿ ಊಟ ಆದ ಮೇಲೆ ಟಿವಿ ಅವನದೇ. ಸೂಪರ್‌ಹೀರೋ ಸಿನಿಮಾ ಐರನ್ ಮ್ಯಾನ್‌ನ ಮೂರೂ ಭಾಗಗಳನ್ನು ಒಂದಾದ ಮೇಲೊಂದು ಹಾಕಿದ. ನಾನೂ ಕೂತು ನೋಡಿದೆ. ಹುಡುಗನಿಗೆ ಡೈಲಾಗು ಬಾಯಿಪಾಠ, ಯಾವ ಸೂಟು ಯಾವ ಸೀನಿನಲ್ಲಿ ಬರುತ್ತದೆ ಅನ್ನೋದೂ ಬಾಯಿಪಾಠ. ಮೂರನೆಯದು ಮುಗಿದ ಮೇಲೆ ಕೇಳಿದೆ, "ತಮ್ಮಾ, ಈಗ ಅವನ ಟ್ಯೂನ್ ಒಂಚೂರು ಗುನುಗು ನೋಡೋಣ." ಹುಡುಗ ಬಾಯಿ ತೆರೆದ, ಮತ್ತೆ ಮುಚ್ಚಿದ. ಆಮೇಲೆ ಅಂದ, "ಯಾವ ಟ್ಯೂನು ಮಾಮಾ? ಮೂರರಾಗೂ ಬ್ಯಾರೆ ಬ್ಯಾರೆ ಐತಲ್ಲ!"

ಅವನು ಹೇಳಿದ್ದು ಸರಿ. 2008ರ ಮೊದಲ ಸಿನಿಮಾಗೆ ಸಂಗೀತ ಕೊಟ್ಟದ್ದು ರಮೀನ್ ಜವಾದಿ. 2010ರ ಎರಡನೆಯದಕ್ಕೆ ಜಾನ್ ಡೆಬ್ನಿ. 2013ರ ಮೂರನೆಯದಕ್ಕೆ ಬ್ರಯಾನ್ ಟೈಲರ್. ಮೂವರೂ ಕೆಲಸ ಬಲ್ಲವರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಜವಾದಿ ಗಿಟಾರ್ ಇಟ್ಟುಕೊಂಡು ಕಟ್ಟಿದ. ಟೈಲರ್ ತುತ್ತೂರಿ ಊದಿಸಿ ಗಟ್ಟಿಯಾದ ಒಂದು ರಾಗ ಕೊಟ್ಟ. ಆದರೆ ಆ ಮನುಷ್ಯ ಒಬ್ಬನೇ ಅಲ್ವಾ? ಮೂರೂ ಸಿನಿಮಾದಲ್ಲಿ ರಾಬರ್ಟ್ ಡೌನಿ ಜೂನಿಯರನೇ ಇದ್ದಾನೆ. ಅದೇ ಗಡ್ಡ, ಅದೇ ಎದೆಯ ಬೆಳಕು. ನಟನನ್ನು ಬದಲಿಸಲು ಯಾರಿಗೂ ಧೈರ್ಯ ಇಲ್ಲ. ಸಂಗೀತಗಾರನನ್ನು ಮಾತ್ರ ಪ್ರತಿ ಸಲ ಬದಲಿಸಿದ್ದಾರೆ. ಥಾರ್‌ನ ಮೊದಲ ಮೂರು ಸಿನಿಮಾಗಳದ್ದೂ ಇದೇ ಕಥೆ. ಪ್ಯಾಟ್ರಿಕ್ ಡಾಯ್ಲ್, ಬ್ರಯಾನ್ ಟೈಲರ್, ಮಾರ್ಕ್ ಮದರ್ಸ್‌ಬಾ. ಮೂರು ಸಿನಿಮಾ, ಮೂರು ಜನ.

ಇವತ್ತು ಬೆಳಿಗ್ಗೆ ಚಹಾದಂಗಡಿಯಲ್ಲಿ ಇದೇ ಮಾತು ತೆಗೆದೆ. ಅಲ್ಲಿದ್ದ ಗೆಳೆಯರೊಬ್ಬರು ಹೇಳಿದ್ದು ಕೇಳಿ ಸಿಟ್ಟು ಇನ್ನೂ ಏರಿತು. "ಮೊದಲನೇದು ಹಿಟ್ ಆತು ಅಂದ್ರ ರೊಕ್ಕ ಬರ್ತೈತ್ರಿ. ರೊಕ್ಕ ಬಂದ್ರ ದೊಡ್ಡ ಹೆಸರು ತರಬೇಕು. ಅದರಾಗೇನು ತಪ್ಪು?" ಹೀಗೆ ಯೋಚಿಸುವುದು ಅವರೊಬ್ಬರೇ ಅಲ್ಲ, ನಿರ್ಮಾಪಕರೂ ಹೀಗೇ ಯೋಚಿಸುತ್ತಾರೆ. ಎರಡನೇ ಭಾಗ ಅಂದರೆ ಎಲ್ಲವೂ ಎರಡು ಪಟ್ಟು. ವಿಲನ್ ಎರಡು ಪಟ್ಟು, ಸ್ಫೋಟ ಎರಡು ಪಟ್ಟು, ಪೋಸ್ಟರಿನಲ್ಲಿ ಸಂಗೀತ ನಿರ್ದೇಶಕರ ಹೆಸರೂ ಎರಡು ಪಟ್ಟು ದೊಡ್ಡದು. ಮೊದಲ ಭಾಗದಲ್ಲಿ ಆ ಪಾತ್ರಕ್ಕೆ ದನಿ ಹುಡುಕಿ ಕೊಟ್ಟವನು ಎಲ್ಲಿ ಹೋದ ಅಂತ ಯಾರೂ ಕೇಳುವುದಿಲ್ಲ.

ನಮ್ಮಪ್ಪ ನಾಟಕ ಕಂಪನಿಗಳಲ್ಲಿ ಪೇಟಿ ಮಾಸ್ತರ, ಅಂದರೆ ಹಾರ್ಮೋನಿಯಂ ನುಡಿಸುವವರು, ಆಗಿದ್ದದ್ದು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಬಾದಾಮಿಯ ಬನಶಂಕರಿ ಜಾತ್ರೆಗೆ ಹೋದವರಿಗೆ ಈ ಕೆಲಸ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ರಂಗದ ಮುಂದೆ ತಬಲಾದವರ ಪಕ್ಕ ಕೂತು ಪೇಟಿ ಮಾಸ್ತರ ನೋಡುವುದು ಪೇಟಿಯನ್ನಲ್ಲ, ನಟನ ಕಾಲನ್ನು. ಖಳನಾಯಕ ಇನ್ನೂ ಸೈಡ್‌ವಿಂಗಿನಲ್ಲಿ ಇರುವಾಗಲೇ ಪೇಟಿ ಕೆಳಗಿನ ಸ್ವರಕ್ಕೆ ಇಳಿದಿರುತ್ತದೆ. ಜನ ನೆಟ್ಟಗೆ ಕೂರುತ್ತಾರೆ. ನಾಯಕನಿಗೆ ಒಂದು ಧಾಟಿ, ಹಾಸ್ಯದವನಿಗೆ ಒಂದು ಧಾಟಿ. ಅಪ್ಪ ತಾಲೀಮಿನ ಮೊದಲ ದಿನದಿಂದಲೇ ಹೋಗಿ ಕೂರುತ್ತಿದ್ದರು. ನಟರಿಗೆ ಮಾತು ಬಾಯಿಗೆ ಬರುವ ಮುಂಚೆ ಅವರ ಕೈಗೆ ಪಾತ್ರ ಬಂದಿರುತ್ತಿತ್ತು.

ಒಂದು ವರ್ಷ, ಚೆನ್ನಾಗಿ ಓಡುತ್ತಿದ್ದ ನಾಟಕದ ನಡುವೆ, ಒಂದು ಕಂಪನಿಯವರು ಪಟ್ಟಣದಿಂದ ಕೀಬೋರ್ಡ್ ನುಡಿಸುವವರನ್ನು ಕರೆಸಿ ಅಪ್ಪನನ್ನು ಬಿಡಿಸಿದರು. ಕಂಪನಿಯ ಹೆಸರು ಬೇಡ. ಬಂದವರೂ ಚೆನ್ನಾಗಿಯೇ ನುಡಿಸುತ್ತಿದ್ದರು, ಕೈ ಬಹಳ ಜೋರು. ಅಪ್ಪ ಮನೆಗೆ ಬಂದು ಅಂದ ಮಾತು ನನ್ನೊಳಗೆ ಇನ್ನೂ ಕುದಿಯುತ್ತದೆ. "ನನ್ನ ಬಿಟ್ಟರ ಬಿಡಲಿ. ಆ ಪಾತ್ರದ ಧಾಟಿ ಯಾಕ ಬಿಟ್ಟರು?" ಎಷ್ಟೋ ದಿನ ಪೇಟಿಯ ಮೇಲಿನ ಬಟ್ಟೆಯನ್ನೇ ಅವರು ತೆಗೆಯಲಿಲ್ಲ. ಹಾಗಾಗಿ ಹಾಲಿವುಡ್ಡಿನ ಯಾವುದೋ ಸಿನಿಮಾ ನೋಡಿ ಇವನಿಗೇಕೆ ಇಷ್ಟು ಸಂಕಟ ಅಂತ ಕೇಳಬೇಡಿ. ನನಗೆ ಅದು ನಮ್ಮ ಮನೆಯ ವಿಷಯ.

ಧಾಟಿ ಉಳಿಸಿಕೊಂಡರೆ ಏನಾಗುತ್ತದೆ ಅಂತ ನೋಡಬೇಕಾ? ಐರನ್ ಮ್ಯಾನ್, ಥಾರ್ ಎಲ್ಲ ಒಂದೇ ಗುಂಪಾಗುವ ಅವೆಂಜರ್ಸ್ ತೆಗೆದುಕೊಳ್ಳಿ. 2012ರಲ್ಲಿ ಅಲನ್ ಸಿಲ್ವೆಸ್ಟ್ರಿ ಆ ಗುಂಪಿಗೆ ಒಂದು ರಾಗ ಮಾಡಿಕೊಟ್ಟ. 2015ರ ಎರಡನೆಯದಕ್ಕೆ ಅವನು ಇರಲಿಲ್ಲ. ಬ್ರಯಾನ್ ಟೈಲರ್, ಡ್ಯಾನಿ ಎಲ್ಫ್‌ಮನ್ ಮಾಡಿದರು. ಎಲ್ಫ್‌ಮನ್ ದೊಡ್ಡ ಮನಸ್ಸಿನ ಕೆಲಸ ಮಾಡಿದ. ಸಿಲ್ವೆಸ್ಟ್ರಿಯ ರಾಗವನ್ನೇ ಹಿಡಿದು ಅದರ ಮೇಲೆ ತನ್ನದನ್ನು ಕಟ್ಟಿದ. ಆಮೇಲೆ 2018ಕ್ಕೂ 2019ಕ್ಕೂ ಸಿಲ್ವೆಸ್ಟ್ರಿಯೇ ವಾಪಸ್ ಬಂದ. 2019ರ ಆ ಎಂಡ್‌ಗೇಮ್‌ನ ಕೊನೆಯ ಯುದ್ಧ ನೆನಪಿದೆಯಲ್ಲ? ಕ್ಯಾಪ್ಟನ್ ಅಮೆರಿಕ ಒಡೆದ ಗುರಾಣಿ ಹಿಡಿದು ಇಡೀ ಸೈನ್ಯದ ಎದುರು ಒಬ್ಬನೇ ನಿಂತಿದ್ದಾನೆ. ಹಿಂದೆ ಒಂದು ಬಾಗಿಲು ತೆರೆಯುತ್ತದೆ. ಇನ್ನೊಂದು, ಮತ್ತೊಂದು. ಸಂಗೀತ ಆತುರಪಡುವುದಿಲ್ಲ, ನಿಧಾನಕ್ಕೆ ಏರುತ್ತದೆ. ಅವನು "ಅವೆಂಜರ್ಸ್, ಅಸೆಂಬಲ್" ಅನ್ನೋ ಆ ಎರಡು ಮಾತು ಹೇಳಿದ ಕೂಡಲೇ ಹಳೆಯ ರಾಗ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಥಿಯೇಟರಿನಲ್ಲಿ ಜನ ಎದ್ದು ನಿಂತು ಶಿಳ್ಳೆ ಹೊಡೆದರು. ನಾನು ಅತ್ತೆ, ನಿಜವಾಗಿ ಅತ್ತೆ. ಆ ಸೀನಿಗೆ ಅಂತ ಯಾರೋ ಹೊಸಬರು ಎಷ್ಟೇ ಚೆಂದದ ರಾಗ ಮಾಡಿದ್ದರೂ ನನ್ನ ಕಣ್ಣಲ್ಲಿ ನೀರು ಬರುತ್ತಿರಲಿಲ್ಲ. 2012ರಿಂದ ಕಿವಿಯಲ್ಲಿ ಕೂತಿದ್ದ ರಾಗ ಅದು.

ಬ್ಯಾಟ್‌ಮ್ಯಾನ್ ವಿಷಯಕ್ಕೂ ಬರ್ತೀನಿ. ಕ್ರಿಸ್ಟೋಫರ್ ನೋಲನ್ 2005ರ ಮೊದಲ ಸಿನಿಮಾಗೆ ಹ್ಯಾನ್ಸ್ ಝಿಮ್ಮರ್, ಜೇಮ್ಸ್ ನ್ಯೂಟನ್ ಹೊವಾರ್ಡ್ ಇಬ್ಬರನ್ನೂ ಕರೆದ. 2008ರ ಎರಡನೆಯದಕ್ಕೂ ಅವರೇ. 2012ರ ಮೂರನೆಯದಕ್ಕೆ ಝಿಮ್ಮರ್ ಒಬ್ಬನೇ. ಬ್ಯಾಟ್‌ಮ್ಯಾನ್‌ಗೆ ಇರುವುದು ಮುಖ್ಯವಾಗಿ ಎರಡೇ ಸ್ವರ. ಮೂರೂ ಸಿನಿಮಾದಲ್ಲಿ ಅದು ಮುಂದುವರಿಯುತ್ತದೆ. ಮನೆ ಗಟ್ಟಿ ಇದ್ದದ್ದಕ್ಕೇ ಎರಡನೇ ಭಾಗದಲ್ಲಿ ಝಿಮ್ಮರ್‌ಗೆ ಧೈರ್ಯ ಬಂತು. ವಿಲನ್ ಜೋಕರ್‌ಗೆ ಅವನು ರಾಗವನ್ನೇ ಕೊಡಲಿಲ್ಲ. ಚೆಲ್ಲೋ ವಾದ್ಯದಲ್ಲಿ ಒಂದೇ ಸ್ವರವನ್ನು ಎಳೆದ. ತಂತಿ ಈಗ ಹರಿಯಿತೋ ಆಗ ಹರಿಯಿತೋ ಅನ್ನುವಂತೆ ಎಳೆದ. ಹೊಸಬ ಹೀಗೆ ಮಾಡಿದ್ದರೆ, ಇದೇನು ಸಂಗೀತವಾ ಅಂತ ಕೇಳುತ್ತಿದ್ದರು. ನಾಯಕನ ದನಿ ಯಾವುದು ಅಂತ ಗೊತ್ತಿದ್ದವನಿಗೆ ಮಾತ್ರ ಅದನ್ನು ಕೆಡಿಸುವ ದನಿ ಯಾವುದು ಅಂತ ಗೊತ್ತಾಗುತ್ತದೆ.

ಬ್ಲ್ಯಾಕ್ ಪ್ಯಾಂಥರ್ ಇನ್ನೂ ಹತ್ತಿರದ ಉದಾಹರಣೆ. ಅದಕ್ಕೆ ಸಂಗೀತ ಕೊಟ್ಟ ಲುಡ್ವಿಗ್ ಯೊರಾನ್ಸನ್ ಸ್ವೀಡನ್ನಿನವನು. ನಿರ್ದೇಶಕ ರಯಾನ್ ಕೂಗ್ಲರ್ ಜೊತೆ ಅವನ ಗೆಳೆತನ ಕಾಲೇಜಿನದು. ಕಥೆ ಓದಿದ ಮೇಲೆ ಅವನು ಸೀದಾ ಸೆನೆಗಲ್‌ಗೆ ಹೋದ. ಅಲ್ಲಿನ ಗಾಯಕ ಬಾಬಾ ಮಾಲ್ ಜೊತೆ ತಿರುಗಾಡಿದ, ಅಲ್ಲಿನ ವಾದ್ಯದವರನ್ನು ಕಂಡ. ಕಂಕುಳಲ್ಲಿ ಇಟ್ಟುಕೊಂಡು, ಹಗ್ಗ ಒತ್ತಿ ಸ್ವರ ಏರಿಳಿಸುವ ಒಂದು ಡೋಲು ಅಲ್ಲಿದೆ. ಅದರಲ್ಲಿ ರಾಜ ಟಿಚಾಲನ ಗತ್ತು ಕಂಡುಕೊಂಡ. 2019ರಲ್ಲಿ ಆಸ್ಕರ್ ಬಂತು. ಮುಂದೆ 2020ರಲ್ಲಿ ಟಿಚಾಲನ ಪಾತ್ರ ಮಾಡಿದ್ದ ನಾಯಕ ಚ್ಯಾಡ್‌ವಿಕ್ ಬೋಸ್ಮನ್ ತೀರಿಕೊಂಡ. 2022ರ ಎರಡನೇ ಭಾಗ ನಾಯಕನಿಲ್ಲದ ಸಿನಿಮಾ. ಅಲ್ಲಿ ಉಳಿದದ್ದು ಅವನ ದನಿ ಒಂದೇ, ಆ ದನಿ ಮಾಡಿದವನೇ ಮತ್ತೆ ಬಂದ. ನೀರಿನೊಳಗಿನ ಹೊಸ ಜನಕ್ಕೆ ಬೇಕಾದ ಸಂಗೀತಕ್ಕಾಗಿ ಮೆಕ್ಸಿಕೋಗೂ ಹೋಗಿ ಬಂದ. ಶುರುವಿನಲ್ಲಿ ಕಂಪನಿಯ ಲಾಂಛನ ಬರುವಾಗ ಬೋಸ್ಮನ್ನನ ಚಿತ್ರಗಳು ಮೂಡುತ್ತವೆ, ಸಂಗೀತ ಇರುವುದಿಲ್ಲ. ಬೇರೆ ಯಾರನ್ನೋ ತಂದು ಕೂರಿಸಿದ್ದರೆ ಆ ಸಿನಿಮಾದ ದುಃಖ ಅರ್ಧಕ್ಕರ್ಧ ಕಮ್ಮಿ ಆಗುತ್ತಿತ್ತು.

ಈಗ ಕೆಲವರು ಹೇಳಬಹುದು, ಬದಲಿಸಿಯೂ ಗೆದ್ದವರು ಇದ್ದಾರಲ್ಲ ಅಂತ. ಇದ್ದಾರೆ. ಕ್ಯಾಪ್ಟನ್ ಅಮೆರಿಕದ ಮೊದಲನೆಯದು ಸಿಲ್ವೆಸ್ಟ್ರಿ, 2014ರ ಎರಡನೆಯದು ಹೆನ್ರಿ ಜ್ಯಾಕ್‌ಮನ್. ಮನುಷ್ಯನ ಕಿರುಚಾಟವನ್ನೇ ತಿರುಚಿ ಆ ವಿಲನ್‌ಗೆ ದನಿ ಮಾಡಿದ. ಕೇಳಿದರೆ ಮೈ ಜುಮ್ಮೆನ್ನುತ್ತದೆ. ಮೂರನೇ ಥಾರ್‌ಗೆ ಮದರ್ಸ್‌ಬಾ ತಂದ ಸಿಂಥಸೈಜರ್ ಬಣ್ಣವೂ ಹೊಸದೇ. ಒಪ್ಪಿದೆ. ಆದರೆ ಅವೆರಡರಲ್ಲೂ ಸಿನಿಮಾದ ಜಾತಿಯೇ ಬದಲಾಗಿತ್ತು. ಒಂದು ಯುದ್ಧದ ಕಥೆಯಿಂದ ಗೂಢಚಾರರ ಕಥೆ ಆಯಿತು, ಇನ್ನೊಂದು ಗಂಭೀರ ಪುರಾಣದಿಂದ ನಗೆಯ ಕಡೆ ಹೊರಳಿತು. ನಿರ್ದೇಶಕರೂ ಹೊಸಬರು. ಹಾಗಿದ್ದೂ ಅವರು ಹಳೆಯದನ್ನು ಪೂರ್ತಿ ಒರೆಸಲಿಲ್ಲ. ಮದರ್ಸ್‌ಬಾ ಡಾಯ್ಲ್‌ನ ರಾಗವನ್ನು ನೆನಪಿಸಿಕೊಂಡಿದ್ದಾನೆ. ಜ್ಯಾಕ್‌ಮನ್ ಸಿನಿಮಾದಲ್ಲಿ ಸಿಲ್ವೆಸ್ಟ್ರಿಯ ರಾಗ ಒಂದು ಕ್ಷಣ ಬಂದು ಹೋಗುತ್ತದೆ. ಅಷ್ಟು ಮರ್ಯಾದೆ ಇದ್ದರೆ ನನ್ನ ತಕರಾರಿಲ್ಲ. ಮೊದಲಿನವರು ಬರಲು ಆಗದಿದ್ದಾಗ ಹೀಗೇ ಮಾಡಬೇಕು. ಸೂಪರ್‌ಮ್ಯಾನ್ ಎರಡನೇ ಭಾಗಕ್ಕೆ ಜಾನ್ ವಿಲಿಯಮ್ಸ್ ಬದಲು ಕೆನ್ ಥಾರ್ನ್ ಬಂದ. ವಿಲಿಯಮ್ಸ್ 1978ರಲ್ಲಿ ಮಾಡಿದ್ದ ರಾಗಗಳನ್ನೇ ಇಟ್ಟುಕೊಂಡು ಕೆಲಸ ಮಾಡಿದ.

ಅಂದಮಾತ್ರಕ್ಕೆ ಹಳೇ ರಾಗ ಎಲ್ಲಿ ಬೇಕಾದರೂ ಅಂಟಿಸಬಹುದು ಅಂತಲ್ಲ. 2017ರ ಜಸ್ಟಿಸ್ ಲೀಗ್ ಅದಕ್ಕೆ ಸಾಕ್ಷಿ. ಮೊದಲು ಜಂಕಿ ಎಕ್ಸ್‌ಎಲ್ ಅನ್ನೋ ಸಂಗೀತಗಾರ ಮಾಡಬೇಕಿತ್ತು. ನಿರ್ದೇಶಕ ಬದಲಾದ, ಸಂಗೀತಕ್ಕೆ ಎಲ್ಫ್‌ಮನ್ ಬಂದ. ಎಲ್ಫ್‌ಮನ್ ತನ್ನ 1989ರ ಬ್ಯಾಟ್‌ಮ್ಯಾನ್ ರಾಗವನ್ನೇ ತೆಗೆದು ಈ ಸಿನಿಮಾದ ಬ್ಯಾಟ್‌ಮ್ಯಾನ್ ಬೆನ್ ಅಫ್ಲೆಕ್‌ಗೆ ಹಾಕಿದ. ಅದು ಮೈಕಲ್ ಕೀಟನ್‌ನ ಬ್ಯಾಟ್‌ಮ್ಯಾನ್‌ಗೆ ಹುಟ್ಟಿದ ರಾಗ. ಈ ಮೈಗೆ ಕೂಡಲಿಲ್ಲ. ಕೊನೆಗೆ 2021ರಲ್ಲಿ ಮೊದಲ ನಿರ್ದೇಶಕನ ಆವೃತ್ತಿ ಬಂದಾಗ ಜಂಕಿ ಎಕ್ಸ್‌ಎಲ್‌ನನ್ನೇ ಮತ್ತೆ ಕರೆದರು. ಎರಡನ್ನೂ ನೋಡಿ, ಕಣ್ಣು ಮುಚ್ಚಿ ಕೇಳಿ. ಒಂದೇ ಕಥೆಗೆ ಎರಡು ಬೇರೆ ಜೀವ.

ಇನ್ನೊಂದು ರೋಗ ಇದೆ. ಎಡಿಟಿಂಗ್ ಮಾಡುವಾಗ ಬೇರೆ ಸಿನಿಮಾದ ಸಂಗೀತವನ್ನು ತಾತ್ಕಾಲಿಕವಾಗಿ ಹಾಕಿಕೊಳ್ಳುತ್ತಾರೆ. ಟೆಂಪ್ ಟ್ರ್ಯಾಕ್ ಅಂತಾರೆ. ತಿಂಗಳುಗಟ್ಟಲೆ ಅದನ್ನೇ ಕೇಳಿ ನಿರ್ದೇಶಕನಿಗೆ ಅದೇ ಬೇಕು ಅನ್ನಿಸಲು ಶುರುವಾಗುತ್ತದೆ. ಆಮೇಲೆ ಸಂಗೀತಗಾರನನ್ನು ಕರೆದು, ಇದೇ ತರ ಬೇಕು ಅನ್ನುತ್ತಾರೆ. ಸ್ಪೈಡರ್‌ಮ್ಯಾನ್ ಎರಡನೇ ಭಾಗದಲ್ಲಿ ನಿರ್ದೇಶಕ ಸ್ಯಾಮ್ ರೈಮಿಗೂ ಎಲ್ಫ್‌ಮನ್‌ಗೂ ಮನಸ್ತಾಪ ಆದದ್ದು ಇದೇ ಕಾರಣಕ್ಕೆ. ಮೂರನೆಯದಕ್ಕೆ ಕ್ರಿಸ್ಟೋಫರ್ ಯಂಗ್ ಬಂದ. ವರ್ಷಗಳಾದ ಮೇಲೆ ಅವರಿಬ್ಬರೂ ಮತ್ತೆ ಕೂಡಿ ಕೆಲಸ ಮಾಡಿದರು, ಸಂತೋಷ. ಆದರೆ ಆ ಮೂರನೇ ಸಿನಿಮಾ ವಾಪಸ್ ಬರಲಿಲ್ಲ. ಪರದೆ ಎದ್ದ ಮೇಲೆ ಪೇಟಿ ಮಾಸ್ತರನಿಗೆ ಹೇಳಿ ಕಳಿಸುವ ಪದ್ಧತಿ ಈ ಟೆಂಪ್ ಟ್ರ್ಯಾಕ್.

ನಮ್ಮವರು ಈ ವಿಷಯದಲ್ಲಿ ಜಾಣರು ಅಂತ ಹೆಮ್ಮೆಯಿಂದ ಹೇಳ್ತೀನಿ. ಕೆಜಿಎಫ್ ಸೂಪರ್‌ಹೀರೋ ಸಿನಿಮಾ ಅಲ್ಲ, ಆದರೆ ರಾಕಿಯ ಎಂಟ್ರಿಗೆ ಬೇಕಾದ ಬಿಸಿ ಅದೇ. 2018ರಲ್ಲೂ ರವಿ ಬಸ್ರೂರು, 2022ರಲ್ಲೂ ಅವರೇ. ಕುಂದಾಪುರ ಕಡೆಯ ಮನುಷ್ಯ. ಎರಡನೆಯದಕ್ಕೆ ಮುಂಬೈಯ ದೊಡ್ಡ ಹೆಸರು ತರಲು ದುಡ್ಡಿನ ಕೊರತೆ ಇತ್ತಾ? ತರಲಿಲ್ಲ. ಕಾಂತಾರಕ್ಕೂ 2022ರಲ್ಲಿ ಅಜನೀಶ್ ಲೋಕನಾಥ್, 2025ರ ಚಾಪ್ಟರ್ 1ಕ್ಕೂ ಅವರೇ. ಈಗ ರಿಷಬ್ ಶೆಟ್ಟಿ ತೆಲುಗಿನ ಜೈ ಹನುಮಾನ್‌ನಲ್ಲಿ ಹನುಮಂತ ಆಗಲಿದ್ದಾರೆ. ಅದರ ಮೊದಲ ಭಾಗ, 2024ರ ಹನುಮಾನ್ ಸಿನಿಮಾಗೆ ಗೌರಹರಿ, ಅನುದೀಪ್ ದೇವ್, ಕೃಷ್ಣ ಸೌರಭ್ ಮೂವರು ಸೇರಿ ಸಂಗೀತ ಕೊಟ್ಟಿದ್ದರು. ದೊಡ್ಡ ಹೆಸರುಗಳೇನಲ್ಲ. ಕೊನೆಗೆ ಹಿಮಾಲಯದಲ್ಲಿ ಹನುಮಂತ ಏಳುವಾಗ ಬರುವ ಸಂಗೀತ ಕೇಳಿದವರಿಗೆ ಹೆಸರಿನ ಚಿಂತೆ ಬರಲಿಲ್ಲ. ನಾನಾಗಿದ್ದರೆ ಯೋಚನೆಯನ್ನೇ ಮಾಡದೆ ಅವರನ್ನೇ ಕೂರಿಸುತ್ತಿದ್ದೆ.

ನಮ್ಮ ಕಡೆಯ ಒಬ್ಬ ಸೂಪರ್‌ಹೀರೋ ಕಥೆ ಯಾರಾದರೂ ಮಾಡಲಿ ಅಂತ ನನಗೆ ಬಹಳ ಆಸೆ. ಮಲಪ್ರಭೆ ದಂಡೆಯ ಹುಡುಗ, ಬಾದಾಮಿಯ ಕೆಂಪು ಬಂಡೆ ಮೇಲಿಂದ ಜಿಗಿಯುವವನು. ಅವನಿಗೆ ಬೇಕಾದ ದನಿ ಇಲ್ಲೇ ಇದೆ. ಕರಡಿ ಮಜಲು ಕೇಳಿದ್ದೀರಲ್ಲ? ಕರಡಿ ವಾದ್ಯ ಗುಡುಗಿ, ಜೊತೆಗೆ ಸನಾದಿ ಏರಿ, ತಾಳ ಕೂಡಿದರೆ ಜಾತ್ರೆಯ ಓಣಿ ನಡುಗುತ್ತದೆ. ಚೌಡಿಕೆ ಇದೆ, ಸಂಬಾಳ ಇದೆ. ಸೆನೆಗಲ್‌ವರೆಗೆ ಹೋದ ಯೊರಾನ್ಸನ್ ತರ ಯಾರಾದರೂ ಸಂಗೀತ ನಿರ್ದೇಶಕರು ಬಾಗಲಕೋಟೆಗೆ ಬಂದರೆ ಬಸ್ ಸ್ಟ್ಯಾಂಡಿನಿಂದ ನಾನೇ ಕರೆದುಕೊಂಡು ಹೋಗ್ತೀನಿ. ಕರಡಿ ಬಾರಿಸುವವರ ಮನೆಗಳು ನನಗೆ ಗೊತ್ತು. ಅವರ ಜೊತೆ ಕೂತು ಊಟ ಮಾಡಿ, ರಾತ್ರಿ ಪೂರ್ತಿ ಕೇಳಲಿ. ಶೂಟಿಂಗ್ ಶುರುವಾಗುವ ಮುಂಚೆ ಬರಬೇಕು. ಎರಡನೇ ಭಾಗ ಮಾಡುವಾಗಲೂ ಅವರೇ ಬರಬೇಕು, ಬೇರೆಯವರನ್ನು ಕಳಿಸಿದರೆ ನಾನು ಬಸ್ ಸ್ಟ್ಯಾಂಡಿಗೆ ಬರೋದಿಲ್ಲ.